ಬದಲಿ ದಂಡಿಯ ಬ್ಯಾಂಜೊ: ವಾದ್ಯದ ಮೂಲತನದ ಪ್ರಶ್ನೆ ಮತ್ತು ಆಂಡರ್ಸನ್‌ಪೇಟೆ

1

ಜಾನಪದ ಅಧ್ಯಯನದಲ್ಲಿ 'ಮೂಲ' ಎಂಬ ಪದ ಹೊತ್ತಿರುವ ಭಾರ ಸಣ್ಣದಲ್ಲ. ಹಾಡಿಗೆ ಮೂಲಪಾಠ, ಕಥೆಗೆ ಮೂಲರೂಪ, ಕುಣಿತಕ್ಕೆ ಮೂಲವೇಷ ಎಂದು ಹುಡುಕುತ್ತ ಹೋದ ಕಾಲವೊಂದಿತ್ತು. ಮೌಖಿಕ ಪಠ್ಯಗಳ ಮಟ್ಟಿಗೆ ಈ ಹುಡುಕಾಟ ಬಹುತೇಕ ಹಿಂದೆ ಸರಿದಿದೆ. ಒಂದೇ ಲಾವಣಿಗೆ ಹತ್ತು ಪಾಠಗಳು ದೊರೆತರೆ ಒಂಬತ್ತನ್ನು ಅಪಭ್ರಂಶವೆಂದು ತಳ್ಳಿಹಾಕುವ ವಿದ್ವಾಂಸರು ಇಂದು ವಿರಳ. ಪ್ರತಿಯೊಂದು ಪಾಠವೂ ಹಾಡಿದವರ, ಕೇಳಿದವರ ಮತ್ತು ಹಾಡಿದ ಸಂದರ್ಭದ ಸಾಕ್ಷಿಯೆಂಬ ತಿಳಿವಳಿಕೆ ನೆಲೆಗೊಂಡಿದೆ. ಆದರೆ ಹಾಡಿನಿಂದ ಹಾಡಿನ ಜೊತೆಗಿರುವ ವಾದ್ಯದ ಕಡೆಗೆ ತಿರುಗಿದೊಡನೆ ಇದೇ ತಿಳಿವಳಿಕೆ ಹಿಂಜರಿಯುತ್ತದೆ. ವಾದ್ಯದ ಒಂದು ಭಾಗ ಬದಲಾಗಿದ್ದರೆ 'ಮೂಲ ಸ್ಥಿತಿಯಲ್ಲಿಲ್ಲ' ಎಂಬ ಒಂದೇ ಮಾತಿನಲ್ಲಿ ಅದರ ಚರಿತ್ರೆಯನ್ನು ಮುಗಿಸಿಬಿಡುವ ರೂಢಿ ಹಳೆಯ ವಾದ್ಯಗಳ ಮಾರುಕಟ್ಟೆಯಲ್ಲಿ ಪ್ರಬಲವಾಗಿದೆ. ಸಂಗ್ರಹಗಳ ವಿವರಣೆಯ ಭಾಷೆಯೂ ಅದರಿಂದ ಪೂರ್ತಿ ಬಿಡಿಸಿಕೊಂಡಿಲ್ಲ.

ಈ ರೂಢಿಯನ್ನು ಪರೀಕ್ಷಿಸಲು ಬ್ಯಾಂಜೊ ತಕ್ಕ ಉದಾಹರಣೆ. ಜಗತ್ತಿನ ತಂತಿವಾದ್ಯಗಳಲ್ಲಿ ದಂಡಿಯ ಬದಲಾವಣೆಯೇ ಒಂದು ಪ್ರತ್ಯೇಕ ಕಸುಬಾಗಿ, ಒಂದು ಪ್ರತ್ಯೇಕ ವಿವಾದವಾಗಿ ಬೆಳೆದಿರುವುದು ಈ ವಾದ್ಯದ ವಿಷಯದಲ್ಲಿ. ಒಡಲು 1920ರ ದಶಕದ್ದು, ದಂಡಿ ಇತ್ತೀಚಿನದು ಎಂಬ ಬ್ಯಾಂಜೊಗಳು ಅಮೆರಿಕದಲ್ಲಿ ಅಪರೂಪವಲ್ಲ. ಅಂಥ ವಾದ್ಯ ಹಳೆಯದೋ ಹೊಸದೋ, ಒಂದೋ ಎರಡೋ ಎಂಬ ಪ್ರಶ್ನೆ ಮೇಲುನೋಟಕ್ಕೆ ವ್ಯಾಪಾರದ್ದಾಗಿ ಕಂಡರೂ ಅದು ತಾತ್ವಿಕವಾದುದು.

ಪ್ರಶ್ನೆಯನ್ನು ಕನ್ನಡ ನಾಡಿನಲ್ಲಿ ನಿಂತು ಕೇಳುವುದಕ್ಕೆ ಕೋಲಾರ ಚಿನ್ನದ ಗಣಿ ಪ್ರದೇಶದ ಆಂಡರ್ಸನ್‌ಪೇಟೆಯನ್ನು ಇಲ್ಲಿ ನೆಲೆಯಾಗಿ ಆರಿಸಿಕೊಳ್ಳಲಾಗಿದೆ. ಈ ಊರಿನ ಜನ, ಭಾಷೆ, ಉಪಕರಣ, ವಿನೋದ ಎಲ್ಲವೂ ಗಣಿಯ ಕಾರಣದಿಂದ ಬೇರೆ ಬೇರೆ ಕಡೆಗಳಿಂದ ಬಂದು ಕೂಡಿಕೊಂಡವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಕೂಡಿಕೊಂಡದ್ದು ಮತ್ತೆ ಚೆದುರತೊಡಗಿತು. ಇಂಥ ಊರಿನ ವಸ್ತುಗಳನ್ನು 'ಮೂಲ'ದ ಅಳತೆಗೋಲಿನಿಂದ ಅಳೆಯಹೊರಟರೆ ಕೈಗೆ ಉಳಿಯುವುದು ಬಹಳ ಕಡಿಮೆ.

2

ಬ್ಯಾಂಜೊ ಅಮೆರಿಕದ ವಾದ್ಯವೆಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವವಾಗಿ ಅದರ ಬೇರುಗಳು ಪಶ್ಚಿಮ ಆಫ್ರಿಕದಲ್ಲಿವೆ. ಸೆನೆಗಲ್ ಮತ್ತು ಗ್ಯಾಂಬಿಯ ಪ್ರದೇಶದ ಜೋಲಾ ಜನರ ಅಕೋಂಟಿಂಗ್ ಎಂಬ ವಾದ್ಯದಲ್ಲಿ ಸೋರೆಬುರುಡೆಯ ಒಡಲಿಗೆ ಚರ್ಮ ಹೊದಿಸಿ, ಒಂದು ಕೋಲನ್ನು ಅದರೊಳಗಿಂದ ಹಾಯಿಸಿ ತಂತಿ ಬಿಗಿಯುತ್ತಾರೆ. ಇಂಥ ವಾದ್ಯಗಳ ನೆನಪನ್ನು ಗುಲಾಮಗಿರಿಗೆ ಸಿಕ್ಕ ಆಫ್ರಿಕನ್ನರು ಕೆರಿಬಿಯನ್ ದ್ವೀಪಗಳಿಗೆ ಒಯ್ದರು. 1687ರಿಂದ 1689ರವರೆಗೆ ಜಮೈಕಾದಲ್ಲಿದ್ದ ಹ್ಯಾನ್ಸ್ ಸ್ಲೋನ್ 1707ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವುಗಳ ಚಿತ್ರವಿದೆ. ವಿಕ್ಟರ್ ಶೋಲ್ಷರ್ 1841ರಲ್ಲಿ ಹೈಟಿಯಿಂದ ತಂದ 'ಬಾಂಜಾ' ಪ್ಯಾರಿಸ್ಸಿನ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. 1830ರ ದಶಕದಿಂದ ವರ್ಜೀನಿಯದ ಜೋಯೆಲ್ ವಾಕರ್ ಸ್ವೀನಿಯಂಥ ಬಿಳಿಯ ಕಲಾವಿದರು ಕರಿಯರನ್ನು ಅಣಕಿಸುವ ರಂಗಪ್ರದರ್ಶನಗಳಲ್ಲಿ ಅದನ್ನು ಜನಪ್ರಿಯಗೊಳಿಸಿದರು. 1840ರ ದಶಕದಲ್ಲಿ ಬಾಲ್ಟಿಮೋರಿನಲ್ಲಿ ವಿಲಿಯಂ ಬೌಷರ್ ಎಂಬ ತಮಟೆ ತಯಾರಕ ಸೋರೆಬುರುಡೆಯ ಬದಲು ಬಾಗಿಸಿದ ಮರದ ಬಳೆಯನ್ನೂ ಚರ್ಮ ಬಿಗಿಯಲು ಲೋಹದ ಕೊಕ್ಕೆಗಳನ್ನೂ ಬಳಸಿ ಬ್ಯಾಂಜೊಗಳನ್ನು ತಯಾರಿಸುತ್ತಿದ್ದ. ಸೋರೆಬುರುಡೆಯ ಜಾಗಕ್ಕೆ ನಗಾರಿಯ ಬಳೆ ಬಂದದ್ದು ಈ ವಾದ್ಯದ ಚರಿತ್ರೆಯಲ್ಲಿ ನಡೆದ ದೊಡ್ಡ ಅಂಗಪಲ್ಲಟ. ಅದನ್ನು ಇಂದು ಯಾರೂ ದೋಷವೆಂದು ಕರೆಯುವುದಿಲ್ಲ; ಬ್ಯಾಂಜೊ ಎಂದರೆ ಅದೇ ಎಂದು ಒಪ್ಪಿಕೊಂಡಾಗಿದೆ.

ಆಧುನಿಕ ಬ್ಯಾಂಜೊದಲ್ಲಿ ಎರಡು ಮುಖ್ಯ ಭಾಗಗಳು. ಒಂದು ಒಡಲು: ಸುಮಾರು 11 ಅಂಗುಲ ವ್ಯಾಸದ ಮರದ ಬಳೆ, ಅದರ ಅಂಚಿಗೆ ಕೆಲವು ಮಾದರಿಗಳಲ್ಲಿ ನಾದಕ್ಕಾಗಿ ಕೂಡಿಸಿದ ಲೋಹದ ಉಂಗುರ, ಮೇಲೆ ಬಿಗಿದ ಚರ್ಮ, ಚರ್ಮವನ್ನು ಎಳೆದು ಹಿಡಿಯುವ ಕೊಕ್ಕೆಗಳು. 1950ರ ದಶಕದ ಕೊನೆಯ ವೇಳೆಗೆ ಚರ್ಮದ ಜಾಗವನ್ನು ಪ್ಲಾಸ್ಟಿಕ್ ಹಾಳೆ ಆಕ್ರಮಿಸತೊಡಗಿತು. ಎರಡನೆಯದು ದಂಡಿ: ಮೆಟ್ಟಿಲುಗಳನ್ನು ಕೂರಿಸಿದ ಮರದ ಕತ್ತು ಮತ್ತು ಬಿರಡೆಗಳಿರುವ ತುದಿ. ಹಳೆಯ ವಾದ್ಯಗಳಲ್ಲಿ ದಂಡಿಯ ಬುಡದಿಂದ ಹೊರಟ ಕೋಲು ಒಡಲನ್ನು ಅಡ್ಡ ಹಾಯ್ದು ಆಚೆ ಬದಿಗೆ ಸೇರುತ್ತಿತ್ತು. ನಂತರ ಲೋಹದ ಸರಳುಗಳು ಬಂದವು. ಎರಡೂ ವಿಧಾನಗಳಲ್ಲಿ ದಂಡಿಯನ್ನು ಒಡಲಿಗೆ ಹಾನಿಯಾಗದಂತೆ ಬಿಚ್ಚಬಹುದು. ಪಿಟೀಲಿನ ಕತ್ತನ್ನು ಬೇರ್ಪಡಿಸಲು ಅಂಟಿನ ಬೆಸುಗೆಯನ್ನೇ ಬಿಡಿಸಬೇಕಾಗುತ್ತದೆ. ಬ್ಯಾಂಜೊಗೆ ನಟ್ಟು ಸಡಿಲಿಸಿದರೆ ಸಾಕು. ಬದಲಾವಣೆಯ ಸಾಧ್ಯತೆ ವಾದ್ಯದ ರಚನೆಯಲ್ಲಿಯೇ ಇದೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

3

ಸಾಧ್ಯತೆಯಿದ್ದ ಮಾತ್ರಕ್ಕೆ ಬದಲಾವಣೆ ನಡೆಯುವುದಿಲ್ಲ. ಅದಕ್ಕೆ ಸಾಂಸ್ಕೃತಿಕ ಕಾರಣವೊಂದು ಬೇಕು. 1910ರ ಸುಮಾರಿಗೆ ಬಳಕೆಗೆ ಬಂದ ನಾಲ್ಕು ತಂತಿಯ 'ಟೆನರ್' ಬ್ಯಾಂಜೊ 1920ರ ದಶಕದ ನೃತ್ಯಮೇಳಗಳಲ್ಲಿ ಬಹು ಬೇಡಿಕೆಯ ವಾದ್ಯವಾಗಿತ್ತು. ಮಿಷಿಗನ್ನಿನ ಗಿಬ್ಸನ್ ಕಂಪನಿ 1925ರಿಂದ 'ಮಾಸ್ಟರ್‌ಟೋನ್' ಎಂಬ ಹೆಸರಿನಲ್ಲಿ ತಯಾರಿಸಿದ ಉತ್ತಮ ಬ್ಯಾಂಜೊಗಳಲ್ಲಿ ಹೆಚ್ಚಿನವು ನಾಲ್ಕು ತಂತಿಯವೇ. 1930ರ ದಶಕದಲ್ಲಿ ಮೇಳಗಳು ಗಿಟಾರಿನ ಕಡೆ ವಾಲಿದವು. ಟೆನರ್ ಬ್ಯಾಂಜೊಗಳು ಮೂಲೆ ಸೇರಿದವು. ಆ ಬಳಿಕ, 1945ರ ಕೊನೆಯಲ್ಲಿ ಬಿಲ್ ಮನ್ರೋನ ತಂಡವನ್ನು ಸೇರಿದ ಅರ್ಲ್ ಸ್ಕ್ರಗ್ಸ್ ಮೂರು ಬೆರಳುಗಳಲ್ಲಿ ನುಡಿಸುವ ಐದು ತಂತಿಯ ಬ್ಯಾಂಜೊಗೆ ಹೊಸ ಮರ್ಯಾದೆ ತಂದುಕೊಟ್ಟ. ಯುದ್ಧಪೂರ್ವದ ಒಡಲಿನ ನಾದ ಎಲ್ಲರಿಗೂ ಬೇಕಾಯಿತು. ಆದರೆ ಯುದ್ಧಪೂರ್ವದ ಐದು ತಂತಿಯ ವಾದ್ಯಗಳು ತೀರ ಕಡಿಮೆಯಿದ್ದವು. ಹೀಗಾಗಿ ನಾಲ್ಕು ತಂತಿಯ ದಂಡಿಯನ್ನು ಕಳಚಿ, ಹಳೆಯ ಒಡಲಿಗೆ ಐದು ತಂತಿಯ ಹೊಸ ದಂಡಿಯನ್ನು ಜೋಡಿಸುವ ಕಸುಬು ಹುಟ್ಟಿಕೊಂಡಿತು.

ಈ ಜೋಡಣೆ ಒಂದು ಕೋಲನ್ನು ತೆಗೆದು ಇನ್ನೊಂದನ್ನು ಸಿಕ್ಕಿಸಿದಷ್ಟು ಸರಳವಲ್ಲ. ಟೆನರ್ ವಾದ್ಯದಲ್ಲಿ ನಾದ ಹೊರಡಿಸುವ ತಂತಿಯ ಉದ್ದ ಸುಮಾರು 23 ಅಂಗುಲ. ಐದು ತಂತಿಯದರಲ್ಲಿ ಸುಮಾರು 26¼ ಅಂಗುಲ. ಸಮವಿಭಾಗದ ಹನ್ನೆರಡು ಸ್ವರಸ್ಥಾನಗಳಿಗಾಗಿ ಪ್ರತಿ ಮೆಟ್ಟಿಲಿನ ಅಂತರವನ್ನು ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿ ಪಡೆಯುತ್ತಾರೆ. ಅದರಂತೆ ಮೊದಲ ಮೆಟ್ಟಿಲು ಟೆನರಿನಲ್ಲಿ 1.29 ಅಂಗುಲದಲ್ಲಿಯೂ ಐದು ತಂತಿಯದರಲ್ಲಿ 1.47 ಅಂಗುಲದಲ್ಲಿಯೂ ಬೀಳುತ್ತದೆ. ಹನ್ನೆರಡನೆಯ ಮೆಟ್ಟಿಲು ತಂತಿಯ ಸರಿಯಾದ ಅರ್ಧಕ್ಕೆ ಬರಬೇಕು. ತಂತಿಯ ಒತ್ತಡದಿಂದಲೇ ಚರ್ಮದ ಮೇಲೆ ನಿಲ್ಲುವ ಕುದುರೆ ಬಳೆಯ ತೀರ ಅಂಚಿಗೆ ಸರಿಯದೆ ನಾದ ತುಂಬಿ ಬರುವ ಎಡೆಯಲ್ಲಿ ಕೂರಬೇಕು. ದಂಡಿಯ ಬುಡವನ್ನು ಆ ಒಡಲಿನ ಬಾಗಿಗೆ ಸರಿಹೊಂದುವಂತೆ ಕೆತ್ತಬೇಕು. ಕೋನ ಸ್ವಲ್ಪ ತಪ್ಪಿದರೂ ತಂತಿ ಬೆರಳಿಗೆ ಎತ್ತರವಾಗುತ್ತದೆ ಇಲ್ಲವೆ ಮೆಟ್ಟಿಲಿಗೆ ತಗುಲಿ ಕರಕರ ಎನ್ನುತ್ತದೆ. ಅಂದರೆ ಹೊಸ ದಂಡಿ ಹಳೆಯ ಒಡಲನ್ನು ಅರಿತೇ ಹುಟ್ಟಬೇಕು. ಒಂದು ಒಡಲಿಗಾಗಿ ಕೆತ್ತಿದ ದಂಡಿ ಇನ್ನೊಂದಕ್ಕೆ ತಿದ್ದುಪಡಿಯಿಲ್ಲದೆ ಹೊಂದುವ ಭರವಸೆಯಿಲ್ಲ.

ಮಾರುಕಟ್ಟೆಯ ತೀರ್ಪು ಈ ಸೂಕ್ಷ್ಮವನ್ನು ಕಾಣುವುದಿಲ್ಲ. ಅದರ ಪ್ರಕಾರ ಮೂಲ ಐದು ತಂತಿಯ ವಾದ್ಯಕ್ಕೆ ಒಂದು ಬೆಲೆ, ಬದಲಿ ದಂಡಿಯದಕ್ಕೆ ಅದಕ್ಕಿಂತ ಬಹಳ ಕಡಿಮೆ ಬೆಲೆ. ಸರಣಿ ಸಂಖ್ಯೆ ಒಡಲಿನೊಳಗೆ ಮುದ್ರಿತವಾಗಿರುವುದರಿಂದ ವಾದ್ಯದ ವಯಸ್ಸನ್ನೂ ಗುರುತನ್ನೂ ಒಡಲೇ ನಿರ್ಧರಿಸುತ್ತದೆ. ನುಡಿಸುವವರ ಅನುಭವ ಬೇರೆ. ಬಲಗೈ ಒಡಲ ಮೇಲೆ ಇರುತ್ತದೆ, ನಿಜ. ಆದರೆ ವಾದ್ಯವನ್ನು ಅರಿಯುವುದು ಎಡಗೈಯಿಂದ. ದಂಡಿಯ ದಪ್ಪ, ಅದರ ಬೆನ್ನಿನ ಉಬ್ಬು, ಮೆಟ್ಟಿಲುಗಳ ನಡುವಿನ ಅಂತರ ಇವು ವರ್ಷಗಟ್ಟಲೆ ಅಂಗೈಗೆ ರೂಢಿಯಾಗಿರುತ್ತವೆ. ಕಿವಿಗೆ ವಾದ್ಯವೆಂದರೆ ಒಡಲು, ಕೈಗೆ ವಾದ್ಯವೆಂದರೆ ದಂಡಿ. ಪಟ್ಟಿಕೆಯ ಸಂಖ್ಯೆ ಕಿವಿಯ ಪಕ್ಷವನ್ನು ಮಾತ್ರ ದಾಖಲಿಸುತ್ತದೆ.

4

ಕನ್ನಡ ಓದುಗರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಕಥಾಸರಿತ್ಸಾಗರದ ಬೇತಾಳ ಕಥೆಯೊಂದರಲ್ಲಿ ತಲೆಗಳು ಅದಲುಬದಲಾದ ಇಬ್ಬರಲ್ಲಿ ಗಂಡ ಯಾರು ಎಂದು ಬೇತಾಳ ಕೇಳುತ್ತದೆ. ಅಂಗಗಳಲ್ಲಿ ತಲೆಯೇ ಶ್ರೇಷ್ಠವಾದುದರಿಂದ ಗಂಡನ ತಲೆಯಿದ್ದವನೇ ಗಂಡ ಎಂಬುದು ರಾಜನ ಉತ್ತರ. ಥಾಮಸ್ ಮನ್ 1940ರಲ್ಲಿ ಈ ಕಥೆಯನ್ನು ಕಿರುಕಾದಂಬರಿಯಾಗಿಸಿದ. ಗಿರೀಶ ಕಾರ್ನಾಡರ 'ಹಯವದನ' 1971ರಲ್ಲಿ ಅದನ್ನು ಕನ್ನಡ ರಂಗಭೂಮಿಗೆ ತಂದಿತು. ಕಾರ್ನಾಡರ ನಾಟಕದ ಮುಖ್ಯ ಒಳನೋಟವೆಂದರೆ ತೀರ್ಪಿನ ನಂತರವೂ ಕಥೆ ಮುಗಿಯುವುದಿಲ್ಲ ಎಂಬುದು. ದೇವದತ್ತನ ತಲೆಯಿರುವ ದೇಹ ಕಾಲ ಕಳೆದಂತೆ ತಲೆಗೆ ತಕ್ಕಂತೆ ಮಾರ್ಪಡುತ್ತದೆ, ಕಪಿಲನದೂ ಹಾಗೆಯೇ. ಕೂಡಿಸಿದ ಅಂಗಗಳು ಕೂಡಿಸಿದ ಕ್ಷಣದಲ್ಲಿದ್ದಂತೆ ಉಳಿಯುವುದಿಲ್ಲ.

ಬ್ಯಾಂಜೊ ವ್ಯಾಪಾರದ ತೀರ್ಪು ಬೇತಾಳ ಕಥೆಯ ತೀರ್ಪಿಗೆ ಪೂರ್ತಿ ತಿರುಗುಮುರುಗಾದದ್ದು. ಅಲ್ಲಿ ತಲೆ ಗೆದ್ದರೆ ಇಲ್ಲಿ ಒಡಲು ಗೆಲ್ಲುತ್ತದೆ. ಎರಡೂ ತೀರ್ಪುಗಳಿಗೆ ಸಮಾನವಾದ ದೋಷವೊಂದಿದೆ. ಗುರುತು ಯಾವುದೋ ಒಂದು ಅಂಗದಲ್ಲಿ ನೆಲೆಸಿರಬೇಕೆಂದು ಎರಡೂ ಮೊದಲೇ ಭಾವಿಸಿಕೊಂಡಿವೆ.

ವಾದ್ಯಶಾಸ್ತ್ರದ ವರ್ಗೀಕರಣವೂ ಇಲ್ಲಿ ಪೂರ್ಣ ನೆರವಿಗೆ ಬರುವುದಿಲ್ಲ. ಹಾರ್ನ್‌ಬಾಸ್ಟೆಲ್ ಮತ್ತು ಕುರ್ಟ್ ಸಾಕ್ಸ್ 1914ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ತಂತಿವಾದ್ಯಗಳು ಎರಡು ಬಗೆ. ಅನುರಣಕವನ್ನು ಬೇರ್ಪಡಿಸಿದರೂ ತಂತಿಯ ಏರ್ಪಾಡು ಕೆಡದೆ ಉಳಿಯುವವು ಸರಳ ವಾದ್ಯಗಳು. ಬೇರ್ಪಡಿಸಿದರೆ ವಾದ್ಯವೇ ನಾಶವಾಗುವವು ಸಂಯುಕ್ತ ವಾದ್ಯಗಳು. ಬ್ಯಾಂಜೊ ಎರಡನೆಯ ಬಗೆಗೆ ಸೇರುತ್ತದೆ. ದಂಡಿ ಕಳಚಿದ ಬ್ಯಾಂಜೊ ಬರಿಯ ನಗಾರಿ, ಒಡಲಿಲ್ಲದ ದಂಡಿ ಬರಿಯ ಹಲಗೆ. ಆದರೆ ಹಾಗೆ ನಾಶವಾದ ವಾದ್ಯ ಬೇರೊಂದು ದಂಡಿ ದೊರೆತೊಡನೆ ಮತ್ತೆ ಹುಟ್ಟುತ್ತದೆ. ವರ್ಗೀಕರಣ ವಾದ್ಯವನ್ನು ಒಂದು ಕ್ಷಣದಲ್ಲಿ ನಿಲ್ಲಿಸಿ ನೋಡುತ್ತದೆ. ವಾದ್ಯದ ಆಯುಸ್ಸನ್ನು ನೋಡುವ ಉದ್ದೇಶ ಅದಕ್ಕಿಲ್ಲ. ತತ, ಸುಷಿರ, ಅವನದ್ಧ, ಘನ ಎಂಬ ನಾಟ್ಯಶಾಸ್ತ್ರದ ವಿಭಾಗದಲ್ಲಿಯೂ ತಂತಿಯ ಬಲದಿಂದ ಚರ್ಮ ನುಡಿಯುವ ಈ ವಾದ್ಯ ತತ ಮತ್ತು ಅವನದ್ಧಗಳ ಗಡಿಯ ಮೇಲೆ ನಿಲ್ಲುತ್ತದೆ.

5

ಕರ್ನಾಟಕದ ಜನಪದ ವಾದ್ಯಗಳಲ್ಲಿ ಇದೇ ಗಡಿಯ ಮೇಲೆ ನಿಂತ ವಾದ್ಯಗಳು ಹಲವಿವೆ. ಗೊಂದಲಿಗರ ತುಂತುಣಿಯಲ್ಲಿ ಮರದ ಕೊಳಗದಂಥ ಒಡಲು, ತಳಕ್ಕೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಮೇಲೆದ್ದ ತಂತಿ, ಒಡಲಿನ ಹೊರಮೈಗೆ ನಿಲ್ಲಿಸಿದ ಕೋಲು ಮತ್ತು ಕೋಲಿನ ತುದಿಯಲ್ಲಿ ಬಿರಡೆ ಇರುತ್ತವೆ. ಎಲ್ಲಮ್ಮನ ಪರಂಪರೆಯ ಜೋಗತಿಯರ ಚೌಡಿಕೆಯಲ್ಲಿ ಕೋಲೂ ಇಲ್ಲ. ಒಡಲನ್ನು ಕಂಕುಳಲ್ಲಿ ಇರುಕಿಕೊಂಡು ತಂತಿಯ ಮೇಲ್ತುದಿಯನ್ನು ಎಡಗೈಯಲ್ಲಿ ಹಿಡಿದು ಎಳೆಯುವಾಗ ನುಡಿಸುವವರ ತೋಳೇ ದಂಡಿಯ ಕೆಲಸ ಮಾಡುತ್ತದೆ. ನುಡಿಸುವವರು ಬದಲಾದಾಗಲೆಲ್ಲ ಚೌಡಿಕೆಯ ದಂಡಿ ಬದಲಾಗುತ್ತದೆ ಎಂದರೆ ಅದು ಬರಿಯ ಅಲಂಕಾರದ ಮಾತಲ್ಲ, ರಚನೆಯ ವಿವರಣೆ. ತತ್ವಪದಕಾರರ ಏಕತಾರಿಯಲ್ಲಿ ಚರ್ಮ ಹೊದಿಸಿದ ಬುರುಡೆಯನ್ನು ಬಿದಿರ ಕೋಲು ಹಾಯ್ದು ನಿಲ್ಲುತ್ತದೆ. ಇದರ ರಚನಾಸೂತ್ರ ಆಫ್ರಿಕದ ಅಕೋಂಟಿಂಗಿನದೇ. ಈ ಹೋಲಿಕೆಯಿಂದ ಒಂದು ಇನ್ನೊಂದರ ಸಂತಾನ ಎಂದು ಹೇಳಬೇಕಾಗಿಲ್ಲ. ಸೋರೆ ಬೆಳೆಯುವ, ಚರ್ಮ ಹದಮಾಡುವ, ಕೋಲು ದೊರೆಯುವ ಕಡೆಗಳಲ್ಲಿ ಮನುಷ್ಯನ ಕೈ ಒಂದೇ ಬಗೆಯ ಪರಿಹಾರಕ್ಕೆ ಬಂದಿದೆ.

ಇಂಥ ವಾದ್ಯಗಳ ಜೀವನ ಬದಲಾವಣೆಯಿಂದಲೇ ನಡೆಯುವುದು. ಬುರುಡೆ ಒಡೆಯುತ್ತದೆ, ಬಿದಿರಿಗೆ ಹುಳು ಹಿಡಿಯುತ್ತದೆ, ಚರ್ಮ ಮಳೆಗೆ ಸಡಿಲವಾಗಿ ಬಿಸಿಲಿಗೆ ಬಿರಿಯುತ್ತದೆ. ಕಿನ್ನರಿ ಜೋಗಿಯ ಕಿನ್ನರಿಯಲ್ಲಿ ದಂಡಕ್ಕೆ ಕಟ್ಟಿದ ಬುರುಡೆಗಳು ಒಂದೊಂದಾಗಿ ಬದಲಾಗಬಲ್ಲವು. ಹಾಗೆ ಬದಲಾದ ವಾದ್ಯವನ್ನು ಅದರ ಒಡೆಯ ತಂದೆಯ ಕಿನ್ನರಿ ಎಂದು ಕರೆದರೆ ಅದು ಸುಳ್ಳಾಗುವುದಿಲ್ಲ. ಇಲ್ಲಿ ವಾದ್ಯದ ಗುರುತು ಮರಕ್ಕೋ ಬುರುಡೆಗೋ ಸೇರಿದ್ದಲ್ಲ. ಅದನ್ನು ಒಪ್ಪಿಸಿದ ಕೈಗೂ ಒಪ್ಪಿಸಿಕೊಂಡ ಕೈಗೂ ಇರುವ ಸಂಬಂಧಕ್ಕೆ ಸೇರಿದ್ದು.

ಶಾಸ್ತ್ರೀಯ ವಾದ್ಯಗಳು ಇದಕ್ಕೆ ಹೊರತು ಎನ್ನುವಂತಿಲ್ಲ. ಒಂದೇ ದಿಮ್ಮಿಯಲ್ಲಿ ಕಡೆದ ಏಕಾಂಡ ವೀಣೆಗೆ ಕೊಡ, ದಂಡಿ, ಯಾಳಿಗಳನ್ನು ಬೇರೆ ಬೇರೆಯಾಗಿ ಮಾಡಿ ಜೋಡಿಸಿದ ವೀಣೆಗಿಂತ ಹೆಚ್ಚಿನ ಗೌರವವಿದೆ. ಅಖಂಡತೆಯ ಮೇಲಿನ ಮೋಹ ಇಲ್ಲಿಯೂ ಕಾಣುತ್ತದೆ. ಆದರೂ ಏಕಾಂಡ ವೀಣೆಯ 24 ಮೆಟ್ಟಿಲುಗಳು ಮಸಿ ಬೆರೆಸಿದ ಮೇಣದ ಮೇಲೆ ಕೂತಿರುತ್ತವೆ. ಮೇಣ ಸಡಿಲವಾದಾಗ ಮೇಳ ಕಟ್ಟುವವರನ್ನು ಕರೆಸಿ ಎಲ್ಲವನ್ನೂ ಹೊಸದಾಗಿ ಕೂರಿಸಬೇಕು. ಮೃದಂಗದ ಮುಚ್ಚಿಗೆ, ಕರಣೆಗಳು ಕಾಲಕಾಲಕ್ಕೆ ಬದಲಾಗುತ್ತವೆ. ಸ್ವರದ ನೆಲೆಗಳೇ ಹೊಸದಾಗಿ ಕೂತ ವೀಣೆಯನ್ನು ಯಾರೂ 'ಮೂಲ ಸ್ಥಿತಿಯಲ್ಲಿಲ್ಲ' ಎನ್ನುವುದಿಲ್ಲ. ಯಾವ ಬದಲಾವಣೆಯನ್ನು ಸಂರಕ್ಷಣೆ ಎನ್ನಬೇಕು, ಯಾವುದನ್ನು ದೋಷ ಎನ್ನಬೇಕು ಎಂಬುದನ್ನು ವಾದ್ಯದ ಸಾಮಾಜಿಕ ಸ್ಥಾನಮಾನವೂ ನಿರ್ಧರಿಸುತ್ತದೆ ಎಂಬುದಕ್ಕೆ ಇದು ನಿದರ್ಶನ.

6

ಈ ಹಿನ್ನೆಲೆಯಲ್ಲಿ ಆಂಡರ್ಸನ್‌ಪೇಟೆಯನ್ನು ನೋಡಬೇಕು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೋಲಾರದ ಗಣಿಗಾರಿಕೆಗೆ ಕೈಹಾಕಿದ ಮೇಲೆ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಉರಿಗಾಂ, ಕೋರಮಂಡಲ್, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಎಂಬ ಬಡಾವಣೆಗಳ ಸಮೂಹ ಬೆಳೆಯಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ವಿದ್ಯುತ್ ಹರಿಯಿತು. ತಮಿಳು ಮತ್ತು ತೆಲುಗು ಜಿಲ್ಲೆಗಳಿಂದ ಕೂಲಿಕಾರರೂ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಕುಶಲರೂ ಬಂದರು. ಮೇಲ್ವಿಚಾರಣೆಯ ಕೆಲಸಗಳಲ್ಲಿ ಆಂಗ್ಲೋ ಇಂಡಿಯನ್ನರು ಸೇರಿಕೊಂಡರು. 'ಪುಟ್ಟ ಇಂಗ್ಲೆಂಡ್' ಎಂಬ ಹೆಸರು ಪಡೆದ ಕ್ಲಬ್ಬು, ಬಂಗಲೆಗಳ ಲೋಕ ಒಂದು ಕಡೆ, ತಗಡಿನ ಮತ್ತು ತಡಿಕೆಯ ಕೂಲಿಲೈನುಗಳ ಲೋಕ ಇನ್ನೊಂದು ಕಡೆ. ಪೇಟೆಗಳು ಈ ಎರಡರ ನಡುವಿನ ವ್ಯಾಪಾರದ ಜಾಗಗಳು. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರನ್ನು ಕುರಿತ 1998ರ ತಮ್ಮ ಅಧ್ಯಯನದಲ್ಲಿ ಈ ಸಮಾಜದ ದುಡಿಮೆ, ಸಂಸ್ಕೃತಿ ಮತ್ತು ರಾಜಕಾರಣಗಳನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ.

ಗಣಿಯ ಊರಿಗೆ ಬದಲಿ ದಂಡಿಯ ತತ್ವ ಹೊಸದಲ್ಲ. ಗುದ್ದಲಿ, ಸುತ್ತಿಗೆ, ಕೊಡಲಿಗಳ ಕಾವು ಸವೆದಾಗ ಹೊಸ ಕಾವು ಹಾಕುವುದು ದುಡಿಯುವ ಜನರ ನಿತ್ಯದ ವ್ಯವಹಾರ. ಕಬ್ಬಿಣ ಹಳೆಯದು, ಕಾವು ಹೊಸದು. ಉಪಕರಣ ಮಾತ್ರ ಅದೇ. ಕೊಡಲಿಯ ಕಾವು ಕುಲಕ್ಕೆ ಸಾವು ಎಂಬ ಕನ್ನಡದ ಗಾದೆಯೂ ಕಾವು ಮತ್ತು ಕಬ್ಬಿಣಗಳು ಬೇರೆ ಬೇರೆ ಕುಲದವು ಎಂಬ ತಿಳಿವಳಿಕೆಯಿಂದಲೇ ಹುಟ್ಟಿದ್ದು. ಬೇರೆ ಕುಲದವು ಕೂಡಿ ಒಂದು ಕೆಲಸ ಮಾಡುವುದನ್ನು ಗಾದೆ ಆತಂಕದಿಂದ ನೋಡಿದರೂ ಅಸಹಜವೆಂದು ನೋಡುವುದಿಲ್ಲ. ಗಣಿಗೆ ಬಡಗಿ, ಕಮ್ಮಾರ, ಲೇತ್ ಕೆಲಸಗಾರರು ಅನಿವಾರ್ಯವಾಗಿದ್ದರು. ಬಿಚ್ಚಿ ಜೋಡಿಸುವ ಈ ಕೈಗಳಿಗೆ ಒಂದು ವಾದ್ಯದ ಹೊಸ ದಂಡಿ ಅಪಚಾರವಾಗಿ ಕಾಣುವ ಕಾರಣವಿಲ್ಲ.

ಊರಿನ ಹೆಸರುಗಳಲ್ಲಿಯೂ ಇದೇ ಜೋಡಣೆ ಕಾಣುತ್ತದೆ. ಆಂಡರ್ಸನ್ ಎಂಬ ಇಂಗ್ಲಿಷ್ ಹೆಸರಿಗೆ ಪೇಟೆ ಎಂಬ ದೇಶೀ ಪದ ಸೇರಿದೆ. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನ ಬೌರಿಂಗ್‌ಪೇಟೆ ಮುಂದೆ ಬಂಗಾರಪೇಟೆಯಾಯಿತು. ಅಲ್ಲಿ ಒಂದು ಭಾಗ ಕಳಚಿ ಇನ್ನೊಂದು ಸೇರಿತು. ಊರು ಹಳೆಯದಾಗಿಯೇ ಉಳಿಯಿತು.

ಬ್ಯಾಂಜೊ ಎಂಬ ಹೆಸರಿನ ಕಥೆ ಇದಕ್ಕಿಂತಲೂ ವಿಚಿತ್ರ. ಭಾರತದ ಪೇಟೆಗಳಲ್ಲಿ ಬ್ಯಾಂಜೊ ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವುದು ಬುಲ್‌ಬುಲ್ ತರಂಗ್. ಜಪಾನಿನ ನಗೋಯದಲ್ಲಿ ಮೊರಿತ ಗೊರೊ 1912ರಲ್ಲಿ ರೂಪಿಸಿದ ತೈಶೊಗೊತೊ ಎಂಬ ವಾದ್ಯವೇ ಭಾರತಕ್ಕೆ ಬಂದು ಈ ಹೆಸರು ಪಡೆಯಿತು. ಉದ್ದನೆಯ ಮರದ ಪೆಟ್ಟಿಗೆ, ಮೇಲೆ ತಂತಿಗಳು, ಬೆರಳಚ್ಚು ಯಂತ್ರದಂತೆ ಒತ್ತುವ ಕೀಲಿಗಳು ಇವಿಷ್ಟೇ ಅದರ ರಚನೆ. ಚರ್ಮವಿಲ್ಲ, ಬಳೆಯಿಲ್ಲ, ಒಡಲಿನಿಂದ ಹೊರಚಾಚಿದ ದಂಡಿಯೂ ಇಲ್ಲ. ದಂಡಿಯ ಕೆಲಸವನ್ನು ಕೀಲಿಗಳ ಸಾಲು ವಹಿಸಿಕೊಂಡಿದೆ. ಧ್ವನಿವರ್ಧಕಕ್ಕೆ ಜೋಡಿಸಿದ ಇದರ ವಿದ್ಯುತ್ ರೂಪ ಮುಂಬಯಿಯ ಗಣೇಶೋತ್ಸವದ ಮೆರವಣಿಗೆಗಳಲ್ಲಿ ಬ್ಯಾಂಜೊ ಎಂದೇ ಪ್ರಸಿದ್ಧ. 2016ರಲ್ಲಿ ಅದೇ ಹೆಸರಿನ ಹಿಂದಿ ಚಲನಚಿತ್ರವೂ ಬಂದಿತು. ಅಮೆರಿಕದಲ್ಲಿ ಒಡಲು ಉಳಿದು ದಂಡಿ ಬದಲಾದರೆ, ಭಾರತದಲ್ಲಿ ಒಡಲೂ ದಂಡಿಯೂ ಬದಲಾಗಿ ಹೆಸರೊಂದು ಉಳಿಯಿತು.

ಗಣಿ ಪ್ರದೇಶದ ಸಂಗೀತ ವಸ್ತುಗಳನ್ನು ದಾಖಲಿಸುವವರಿಗೆ ಇದು ಬರಿಯ ಕುತೂಹಲದ ಸಂಗತಿಯಲ್ಲ. ಇಲ್ಲಿನ ಮನೆಯೊಂದರ ನೆನಪಿನಲ್ಲಿ ಬ್ಯಾಂಜೊ ಎಂಬ ಪದ ಬಂದರೆ ಅದು ಕ್ಲಬ್ಬಿನ ನೃತ್ಯಮೇಳದ ನೆನಪೂ ಆಗಿರಬಹುದು, ಪೇಟೆಯ ಅಂಗಡಿಯಲ್ಲಿ ಕೊಂಡ ಕೀಲಿವಾದ್ಯದ ನೆನಪೂ ಆಗಿರಬಹುದು. ಎರಡರ ನಡುವೆ ವರ್ಗದ ಅಂತರವಿದೆ, ಭಾಷೆಯ ಅಂತರವಿದೆ, ಬೇರೆ ಬೇರೆ ಖಂಡಗಳ ಚರಿತ್ರೆಯ ಅಂತರವಿದೆ. ಪಟ್ಟಿಕೆಯಲ್ಲಿ ಹೆಸರನ್ನಷ್ಟೇ ಬರೆದುಕೊಂಡರೆ ಈ ಅಂತರಗಳೆಲ್ಲ ಅಳಿಸಿಹೋಗುತ್ತವೆ.

7

ಇಲ್ಲಿಯವರೆಗಿನ ವಾದಕ್ಕೆ ಗಂಭೀರವಾದ ಆಕ್ಷೇಪಗಳಿವೆ. ಬದಲಾವಣೆಯೇ ಜನಪದದ ಸ್ವಭಾವವೆಂದು ಹೇಳಿ ಎಲ್ಲ ಬದಲಾವಣೆಗಳನ್ನೂ ಒಪ್ಪಿಕೊಂಡರೆ ವಿಮರ್ಶೆಗೆ ಕೆಲಸ ಉಳಿಯುವುದಿಲ್ಲ. ಅಮೆರಿಕದ ಉದಾಹರಣೆಯಲ್ಲಿಯೇ ನಷ್ಟದ ಮುಖವೊಂದಿದೆ. ಐದು ತಂತಿಯ ವಾದ್ಯಕ್ಕೆ ಬೇಡಿಕೆ ಬಂದಾಗ ಕಳಚಿದ ಟೆನರ್ ದಂಡಿಗಳು ಒಡಲಿನಿಂದ ಅಗಲಿದವು. ಅವುಗಳೊಂದಿಗೆ 1920ರ ದಶಕದ ಎಡಗೈಗಳ ಸವೆತದ ಗುರುತುಗಳೂ ಮರೆಯಾದವು. ಒಂದು ಪರಂಪರೆಯ ನಾದಕ್ಕಾಗಿ ಇನ್ನೊಂದು ಪರಂಪರೆಯ ಸಾಕ್ಷ್ಯ ಬಲಿಯಾಯಿತು ಎಂದು ಹೇಳಿದರೆ ತಪ್ಪಲ್ಲ. ಜೊತೆಗೆ, ಬದಲಿ ದಂಡಿಯನ್ನು ಮೂಲವೆಂದು ನಂಬಿಸಿ ಮಾರುವ ಅವಕಾಶವೂ ಈ ಕಸುಬಿನೊಳಗೇ ಇದೆ.

ಆದುದರಿಂದ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಕಾಣುವುದು ಅಗತ್ಯ. ಮೊದಲನೆಯದು ದುರಸ್ತಿ: ಮುರಿದ ದಂಡಿಯ ಜಾಗದಲ್ಲಿ ಅದೇ ಬಗೆಯ ಇನ್ನೊಂದನ್ನು ಇಟ್ಟು ಅದೇ ಸಂಗೀತವನ್ನು ಮುಂದುವರಿಸುವುದು. ಏಕತಾರಿಯ ಹೊಸ ಬಿದಿರು ಈ ಬಗೆಯದು. ಎರಡನೆಯದು ಮಾರ್ಪಾಡು: ಮುರಿಯದ ದಂಡಿಯನ್ನು ತೆಗೆದು ಬೇರೆ ಬಗೆಯದನ್ನು ಇಟ್ಟು ಬೇರೆ ಸಂಗೀತವನ್ನು ನುಡಿಸುವುದು. ಟೆನರ್ ಒಡಲಿಗೆ ಐದು ತಂತಿಯ ದಂಡಿ ಈ ಬಗೆಯದು. ಮೂರನೆಯದು ವಂಚನೆ: ಬದಲಾವಣೆಯನ್ನು ಮುಚ್ಚಿಡುವುದು. ಮೂರರಲ್ಲಿಯೂ ಬಡಗಿಯ ಕೆಲಸ ಒಂದೇ ಇರಬಹುದು. ವ್ಯತ್ಯಾಸವಿರುವುದು ಉದ್ದೇಶದಲ್ಲಿ ಮತ್ತು ದಾಖಲೆಯಲ್ಲಿ. 'ಮೂಲ ಸ್ಥಿತಿಯಲ್ಲಿಲ್ಲ' ಎಂಬ ಒಂದೇ ಮಾತು ಮೂರನ್ನೂ ಒಂದೇ ಗಂಟಿಗೆ ಕಟ್ಟುತ್ತದೆ. ಆ ಮಾತನ್ನು ಇಲ್ಲಿ ವಿರೋಧಿಸುತ್ತಿರುವುದು ಅದು ಕಠಿಣವಾಗಿದೆ ಎಂಬ ಕಾರಣಕ್ಕಲ್ಲ. ಅದು ಏನನ್ನೂ ಹೇಳುವುದಿಲ್ಲ ಎಂಬ ಕಾರಣಕ್ಕೆ.

8

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ರೂಪುಗೊಂಡಿತು, ಎಚ್.ಎಲ್. ನಾಗೇಗೌಡರ ಶ್ರಮದಿಂದ ರಾಮನಗರದ ಬಳಿ ಜಾನಪದ ಲೋಕ 1994ರಲ್ಲಿ ತೆರೆಯಿತು. ಹಳ್ಳಿಯ ಬದುಕಿನ ಪರಿಕರಗಳು ಕಣ್ಮರೆಯಾಗುವ ಮೊದಲೇ ಅವನ್ನು ಒಂದೆಡೆ ಕೂಡಿಸಿದ ಈ ಕೆಲಸಗಳಿಗೆ ನಾಡು ಋಣಿಯಾಗಿದೆ. ಕೈಗಾರಿಕೆಯ ಊರುಗಳ ಬದುಕು ಆ ಪರಿಧಿಯ ಮುಂದಿನ ಹೆಜ್ಜೆ. ಅಲ್ಲಿಂದ ಬರುವ ವಸ್ತುಗಳು ಅಚ್ಚುಕಟ್ಟಾದ ಜಾತಿ, ಕಸುಬು, ಪ್ರದೇಶಗಳ ಚೌಕಟ್ಟಿನಲ್ಲಿ ಕೂರುವುದಿಲ್ಲ. ಬಳೆ ಒಂದು ದೇಶದ್ದು, ದಂಡಿ ಇನ್ನೊಂದು ಕೈಯದು, ತಂತಿ ಪೇಟೆಯದು, ಹಾಡು ಮತ್ತೊಂದು ಭಾಷೆಯದು ಎಂಬ ಸ್ಥಿತಿಯೇ ಅಲ್ಲಿನ ಸಾಮಾನ್ಯ ಸ್ಥಿತಿ.

ಆಂಡರ್ಸನ್‌ಪೇಟೆಯಿಂದ ಬದಲಿ ದಂಡಿಯ ಬ್ಯಾಂಜೊ ಒಂದು ಸಂಗ್ರಹಕ್ಕೆ ಬಂದಿತೆಂದು ಊಹಿಸಿದರೆ, ಅದರ ವಿವರಣೆಯಲ್ಲಿ ಕನಿಷ್ಠ ನಾಲ್ಕು ಸಂಗತಿಗಳು ಇರಬೇಕು. ಒಡಲಿಗೂ ದಂಡಿಗೂ ಬೇರೆ ಬೇರೆ ನಮೂದು, ಬೇರೆ ಬೇರೆ ಕಾಲನಿರ್ಣಯ ಬೇಕು. ತಂತಿಯ ಉದ್ದ, ಮೆಟ್ಟಿಲುಗಳ ಅಂತರ, ಕುದುರೆಯ ಜಾಗ, ದಂಡಿಯ ಬುಡದ ಕೆತ್ತನೆ ಇವುಗಳ ಅಳತೆ ಬೇಕು. ದಂಡಿ ಆ ಒಡಲಿಗಾಗಿಯೇ ಹುಟ್ಟಿತೇ ಅಥವಾ ಬೇರೆಡೆಯಿಂದ ಬಂದು ಸೇರಿತೇ ಎಂಬುದನ್ನು ಹೇಳಬಲ್ಲದ್ದು ಈ ಅಳತೆಗಳೇ. ದಂಡಿಯ ಮರ ಯಾವುದು, ಅದರ ಮೇಲಿನ ಉಪಕರಣದ ಗುರುತುಗಳು ಎಂಥವು ಎಂಬ ಟಿಪ್ಪಣಿ ಬೇಕು. ವಾದ್ಯ ಕೊಟ್ಟವರು ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಯಾರ ವಾದ್ಯವೆಂದು ಹೇಳುತ್ತಾರೆ, ದಂಡಿ ಬದಲಾದದ್ದಕ್ಕೆ ಯಾವ ಕಾರಣ ಕೊಡುತ್ತಾರೆ ಎಂಬ ಮೌಖಿಕ ಹೇಳಿಕೆ ಬೇಕು. ಕಳಚಿದ ಹಳೆಯ ದಂಡಿ ಸಿಕ್ಕರೆ ಅದನ್ನೂ ಅದೇ ಸಂಖ್ಯೆಯಡಿ ಉಳಿಸಿಕೊಳ್ಳಬೇಕು. ಹೊಸ ದಂಡಿಯನ್ನು ತೆಗೆದು ವಾದ್ಯವನ್ನು 'ಮೂಲ ಸ್ಥಿತಿಗೆ' ತರುವ ಪ್ರಯತ್ನವನ್ನು ಮಾತ್ರ ಮಾಡಬಾರದು. ಅದು ಎರಡನೆಯ ನುಡಿಸುವವನ ಪಾಠವನ್ನು ಹರಿದುಹಾಕಿದಂತೆ.

ಕೋಲಾರದ ಗಣಿ ಸುಮಾರು 120 ವರ್ಷಗಳಲ್ಲಿ 800 ಟನ್ನಿಗೂ ಮಿಗಿಲಾದ ಚಿನ್ನವನ್ನು ಹೊರಗೆ ಕಳಿಸಿತು. ಆ ಚಿನ್ನದ ಲೆಕ್ಕ ದಾಖಲೆಗಳಲ್ಲಿ ಭದ್ರವಾಗಿದೆ. ಗಣಿ ಮುಚ್ಚಿದ ಮೇಲೆ ದಿನವೂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳು ಮನೆ ಬದಲಿಸುವಾಗ ಗುಜರಿಗೆ ಹಾಕುವ ವಸ್ತುಗಳಿಗೆ ಅಂಥ ಲೆಕ್ಕವಿಲ್ಲ. ಅವುಗಳಲ್ಲಿ ಮುರಿದು ಜೋಡಿಸಿದವೇ ಹೆಚ್ಚು. ಪೂರ್ಣವಾಗಿ ಉಳಿದದ್ದನ್ನು ಮಾತ್ರ ಸಂಗ್ರಹಕ್ಕೆ ಯೋಗ್ಯವೆಂದು ಎಣಿಸಿದರೆ ಉಳಿಯುವುದು ಬಂಗಲೆಯ ಗಾಜಿನ ಕಪಾಟಿನಲ್ಲಿ, ಯಾರ ಕೈಯೂ ಸೋಕದೆ ಕೂತ ವಸ್ತುಗಳ ಚರಿತ್ರೆ. ದುಡಿದವರ ಮನೆಯ ವಾದ್ಯ ನುಡಿದು ಸವೆಯಿತು, ಸವೆದದ್ದು ಬದಲಾಯಿತು. ಆ ಬದಲಾವಣೆಯನ್ನು ದೋಷದ ಪಟ್ಟಿಯಿಂದ ತೆಗೆದು ಸಾಕ್ಷ್ಯದ ಪಟ್ಟಿಗೆ ಸೇರಿಸುವುದು ವಾದ್ಯಗಳ ಜಾನಪದ ಅಧ್ಯಯನ ತುರ್ತಾಗಿ ಮಾಡಬೇಕಾದ ಕೆಲಸವಾಗಿದೆ.